ಮೂರು ಭಾಗವಾದ ಪುಸ್ತಕ, ಎರಡು ಭಾಗವಾದ ಮುಖ

ಬಾಯಿ ಮುಕ್ಕಳಿಸುತ್ತಿದ್ದೆ. ನೀರು ಎಡಗಡೆಯಿಂದ ತಾನಾಗಿಯೇ ಸೋರಿತು. ಮತ್ತೊಮ್ಮೆ ತುಂಬಿಕೊಂಡೆ. ಮತ್ತೆ ಸೋರಿತು. ನಲ್ಲಿಯ ವಾಷರ್ ಹೋದರೆ ಪ್ಲಂಬರ್‌ನನ್ನು ಕರೆಯಬಹುದು. ತುಟಿಯ ವಾಷರ್ ಹೋದರೆ ಯಾರನ್ನು ಕರೆಯಬೇಕೆಂದು ತಿಳಿಯದೆ ಗಂಡನನ್ನು ಕರೆದೆ.

“ಮುಂಜಾನೆ ಮುಂಜಾನೆ ಯಾಕ ಅಣಕಸ್ತಿ?” ಎಂದರು.

ನಾನು ಅಣಕಿಸುತ್ತಿರಲಿಲ್ಲ. ನನ್ನ ಅರ್ಧ ಮುಖ ಜಾರಿತ್ತು.

ನಾನು ಮೊದಲಿನಿಂದಲೂ ಚಿಂತೆಯ ಹೆಂಗಸು. ಹಾರ್ಟು, ಶುಗರು, ಮಗಳ ಪರೀಕ್ಷೆ, ಡೊಂಬಿವಲಿಯ ನಮ್ಮ ಹಳೆಯ ಬಿಲ್ಡಿಂಗಿನ ಸ್ಲ್ಯಾಬು, ಎಲ್ಲದರ ಚಿಂತೆಯನ್ನೂ ಮುಂಗಡವಾಗಿ ಮಾಡಿಟ್ಟಿದ್ದೆ. ಮುಖದ ಬಗ್ಗೆ ಮಾತ್ರ ಯೋಚಿಸಿರಲಿಲ್ಲ. ಅದು ಎಲ್ಲಿಗೂ ಹೋಗುವುದಿಲ್ಲ ಅಂದುಕೊಂಡಿದ್ದೆ.

ಹತ್ತಿರದ ಆಸ್ಪತ್ರೆಯ ಕ್ಯಾಷುವಾಲ್ಟಿಯಲ್ಲಿ ಡಾಕ್ಟರು ಹುಬ್ಬು ಎತ್ತಲು ಹೇಳಿದರು. ಬಲಹುಬ್ಬು ಎದ್ದಿತು. ಎಡಹುಬ್ಬು ಕೂತಲ್ಲೇ ಕೂತಿತ್ತು.

“ಗುಡ್,” ಎಂದರು ಡಾಕ್ಟರು.

ಇದರಲ್ಲಿ ಗುಡ್ ಏನೆಂದು ಆಮೇಲೆ ತಿಳಿಯಿತು. ಸ್ಟ್ರೋಕ್ ಆದವರ ಹಣೆ ಸಾಮಾನ್ಯವಾಗಿ ಎರಡೂ ಕಡೆ ಸುಕ್ಕಾಗುತ್ತದಂತೆ. ನನ್ನದು ಒಂದೇ ಕಡೆ ಆಗುತ್ತಿತ್ತು. ಅಷ್ಟು ವರ್ಷ ಚಿಂತಿಸಿ ಸಂಪಾದಿಸಿದ ಗೆರೆಗಳು ಎಡಹಣೆಯಿಂದ ಒಂದೇ ರಾತ್ರಿಯಲ್ಲಿ ಮಾಯವಾಗಿದ್ದವು. ಸ್ಕ್ಯಾನ್ ಕೂಡ ಸರಿಯಾಗಿಯೇ ಬಂತು. ಬೆಲ್ಸ್ ಪಾಲ್ಸಿ ಎಂದರು. ಮುಖದ ನರ್ವ್ ಊದಿಕೊಂಡಿದೆ. ಸ್ಟೆರಾಯ್ಡ್ ಮಾತ್ರೆ, ಕಣ್ಣಿಗೆ ಡ್ರಾಪ್ಸ್, ಫಿಸಿಯೋಥೆರಪಿ. ಎಡಗಣ್ಣು ಮುಚ್ಚುತ್ತಿರಲಿಲ್ಲವಾದ್ದರಿಂದ ಮಲಗುವಾಗ ರೆಪ್ಪೆಗೆ ಟೇಪು.

“ಬಹಳಷ್ಟು ಜನರಿಗೆ ಸರಿಹೋಗುತ್ತದೆ. ಮೂರು ವಾರದೊಳಗೆ ಸ್ವಲ್ಪವಾದರೂ ಅಲ್ಲಾಡಿದರೆ ಒಳ್ಳೆಯ ಲಕ್ಷಣ.”

“ಅಲ್ಲಾಡದಿದ್ದರೆ?”

“ತಬ್ ದೇಖೇಂಗೆ. ಟೆನ್ಶನ್ ಮತ್ ಲೀಜಿಯೇ.”

ಚಿಂತೆ ಮಾಡಬೇಡಿ ಎಂದು ನನಗೆ ಹೇಳಿದ್ದು ಮೀನಿಗೆ ಈಜಬೇಡ ಅಂದ ಹಾಗಾಯಿತು.

ಆ ಪುಸ್ತಕ ಆಗ ನನ್ನ ಪರ್ಸಿನಲ್ಲಿತ್ತು. ಪುಸ್ತಕದ ಮೂರರಲ್ಲೊಂದು ಭಾಗ ಅನ್ನುವುದೇ ಸರಿ. ಇದನ್ನು ಸ್ವಲ್ಪ ವಿವರಿಸಬೇಕು. ಗಿರಿಜಾ, ಶಾಲಿನಿ ಮತ್ತು ನಾನು ಮುಂಬೈ ಫೋರ್ಟಿನ ಬೇರೆ ಬೇರೆ ಆಫೀಸುಗಳಿಗೆ ಒಂದೇ ಲೋಕಲ್ ಟ್ರೇನಿನಲ್ಲಿ ಹೋಗುವವರು. ಲೇಡೀಸ್ ಡಬ್ಬದಲ್ಲಿ ಒಂದು ಕೈ ಮೇಲಿನ ಹಿಡಿಕೆಗೆ ಬೇಕು, ಉಳಿದ ಒಂದು ಕೈಯಲ್ಲಿ ದಪ್ಪ ಪುಸ್ತಕ ನಿಲ್ಲುವುದಿಲ್ಲ. ಹಾಗಾಗಿ ಗಿರಿಜಾ ಯಾವ ಪುಸ್ತಕ ತಂದರೂ ಬೆನ್ನಿಗೆ ಬ್ಲೇಡು ಹಾಕಿ ಮೂರು ಭಾಗ ಮಾಡಿ, ಕ್ಲಿಪ್ ಹಾಕಿ ಹಂಚುತ್ತಾಳೆ. ಓದಿ ಮುಗಿಸಿದವರು ಬದಲಾಯಿಸಿಕೊಳ್ಳುವುದು. ಕೊಲೆಗಾರ ಯಾರೆಂದು ಮೊದಲು ತಿಳಿದು, ಹದಿನೈದು ದಿನದ ಮೇಲೆ ಕೊಲೆ ಓದಿದ್ದೂ ಉಂಟು.

ಈ ಸಲ ಗಿರಿಜಾ ತಂದದ್ದು ಅಧ್ಯಾತ್ಮದ ಪುಸ್ತಕ. ನಿಮ್ಮೊಳಗೆ ಒಂದು ಮಗು ಇದೆ, ಅದನ್ನು ನೀವು ಎಂದೋ ಕೈಬಿಟ್ಟಿದ್ದೀರಿ, ಹೋಗಿ ಮಾತಾಡಿಸಿ ಎನ್ನುವಂಥದ್ದು. ಮೊದಲ ಭಾಗ ಅವಳಿಗೆ, ಕೊನೆಯದು ಶಾಲಿನಿಗೆ, ನಡುವಿನದು ನನಗೆ. ಬದಲಾಯಿಸಿಕೊಳ್ಳುವ ಮೊದಲೇ ನನ್ನ ಮುಖ ಜಾರಿತು. ನಾನು ಮನೆಯಲ್ಲಿ ಉಳಿದೆ.

ನಡುವಿನ ಭಾಗದಲ್ಲಿ ಇದ್ದದ್ದೆಲ್ಲ ಅಭ್ಯಾಸಗಳು. ಪ್ರತಿಯೊಂದೂ ‘ಎರಡೂ ಕಣ್ಣು ಮುಚ್ಚಿಕೊಳ್ಳಿ’ ಎಂದೇ ಶುರು. ಒಂದೇ ಕಣ್ಣು ಮುಚ್ಚುವವರು ಏನು ಮಾಡಬೇಕೆಂದು ಬರೆದಿರಲಿಲ್ಲ. ಕನ್ನಡಿಯ ಅಭ್ಯಾಸವೂ ಇತ್ತು. ಕನ್ನಡಿ ಮುಂದೆ ಕೂತು “ಏನ್ ಬೇಕವಾ ನಿನಗ?” ಎಂದೆ. ಬಲಗಡೆಯವಳು ಕೇಳಿದಳು, ಎಡಗಡೆಯವಳು ನನ್ನನ್ನು ಗುರುತೇ ಇಲ್ಲದವಳ ಹಾಗೆ ನೋಡಿದಳು.

ನಗೆಯಾಡಿದರೂ ಕುತೂಹಲ ಮಾತ್ರ ಹೋಗಲಿಲ್ಲ. ಏಕೆಂದರೆ ಆ ಪುಸ್ತಕ ಉಳಿದಿಬ್ಬರಿಗೆ ಏನೇನೋ ಮಾಡುತ್ತಿತ್ತು. ಗಿರಿಜಾ ಫೋನಿನಲ್ಲಿ ಅಳುತ್ತಿದ್ದಳು. ಧಾರವಾಡದ ತಾಯಿಗೆ ಫೋನ್ ಮಾಡಿ, ಐದನೇ ಇಯತ್ತೆಯಲ್ಲಿ ತನ್ನ ಜಡೆ ಕತ್ತರಿಸಿದ್ದು ಯಾಕೆಂದು ಕೇಳಿ ಜಗಳ ಮಾಡಿದ್ದಳಂತೆ. “ಹೇನಾಗಿದ್ವು, ಅದಕ್ಕ,” ಎಂದಿದ್ದರಂತೆ ತಾಯಿ. ಆಮೇಲೆ ತಾಯಿಯ ಜೊತೆ ಮಾತೇ ಬಿಟ್ಟಿದ್ದಳು. ಶಾಲಿನಿ ಅದೇ ವಾರ ಬರ್ಫ್ ಗೋಲಾ ತಿಂದು, ಸೊಸೈಟಿಯ ಗಾರ್ಡನ್ನಿನಲ್ಲಿ ಉಯ್ಯಾಲೆ ಆಡಿ, ವಾಚ್‌ಮನ್ ಸೀಟಿ ಊದಿದ ಮೇಲೂ ಇಳಿದಿರಲಿಲ್ಲ. “ಎಂತ ಖುಷಿ ಗೊತ್ತುಂಟಾ ಸುಮಾ! ಎಲ್ಲರನ್ನೂ ಕ್ಷಮಿಸಿಬಿಟ್ಟೆ. ಅತ್ತೆಯನ್ನೂ.”

ಒಂದೇ ಪುಸ್ತಕ ಒಬ್ಬಳನ್ನು ಅಳಿಸಿ ಇನ್ನೊಬ್ಬಳನ್ನು ಉಯ್ಯಾಲೆಗೆ ಹತ್ತಿಸುತ್ತದಾದರೆ, ನನಗೇನು ಮಾಡುತ್ತದೆ?

ನನಗೆ ಮಾಡಿದ್ದು ಇದು. ನನ್ನ ಭಾಗದ ಕೊನೆಯ ಪುಟದಲ್ಲಿ, ಆ ಮಗುವಿನ ಅಳುವನ್ನು ನೀವು ಕೇಳದಿದ್ದರೆ ಅದು ನಿಮ್ಮ ದೇಹದಲ್ಲಿ ಎಲ್ಲಾದರೂ ಬಂದು ನಿಲ್ಲುತ್ತದೆ ಎಂದಿತ್ತು. ಅಲ್ಲಿಗೆ ಅಧ್ಯಾಯ ಮುಗಿದಿತ್ತು. ನನ್ನ ಕ್ಲಿಪ್ಪಿನ ಹಾಳೆಗಳೂ ಮುಗಿದಿದ್ದವು.

ಅಂದರೆ ನನ್ನ ಮುಖವನ್ನು ನಾನೇ ಬೀಳಿಸಿಕೊಂಡಿದ್ದೆ.

ಚಿಂತೆ ಮಾಡುವವರಿಗೆ ಅಪರಾಧಿ ಸಿಕ್ಕರೆ ಒಂದು ಥರದ ಸಮಾಧಾನ, ಅದು ತಾನೇ ಆದರೂ. ವಿಜಯಪುರದ ಬಾಲ್ಯವನ್ನೆಲ್ಲ ತಡಕಾಡಿದೆ. ಸಿಕ್ಕ ದೊಡ್ಡ ಗಾಯವೆಂದರೆ, ಅಪ್ಪನ ಸೈಕಲ್ಲಿನಲ್ಲಿ ತಮ್ಮನಿಗೆ ಮುಂದಿನ ಬಾರು, ನನಗೆ ಯಾವಾಗಲೂ ಹಿಂದಿನ ಕ್ಯಾರಿಯರ್. ಇಷ್ಟಕ್ಕೆ ಮುಖ ಬೀಳುವುದಾದರೆ ವಿಜಯಪುರದ ಅರ್ಧ ಹೆಣ್ಣುಮಕ್ಕಳ ಮುಖ ಬೀಳಬೇಕಿತ್ತು. ಆದರೂ ದಿನವೂ ಹುಡುಕಿದೆ. ಎರಡನೇ ವಾರ ಮುಗಿದಿತ್ತು. ತುಟಿ ಅಲ್ಲಾಡಿರಲಿಲ್ಲ. ಫಿಸಿಯೋಥೆರಪಿಯ ಹುಡುಗಿ “ಕಾಕೂ, ಗಾಲ್ ಫುಗವಾ” ಎನ್ನುತ್ತಿದ್ದಳು, ಕೆನ್ನೆ ಉಬ್ಬಿಸಿ ಎಂದು. ಉಬ್ಬಿಸಿದ ಗಾಳಿ ಪುಸ್ಸೆಂದು ಎಡಗಡೆಯಿಂದ ಹೋಗುತ್ತಿತ್ತು.

ಆ ಭಾನುವಾರ ಇಬ್ಬರೂ ನೋಡಲು ಬಂದರು. ನನ್ನನ್ನು ಕಂಡ ಗಿರಿಜಾ ಮೊದಲ ಭಾಗದ ಪ್ರಕಾರ ಅತ್ತಳು. ನಾನು ಅರ್ಧ ಬಾಯಲ್ಲಿ, ಪ ಮತ್ತು ಬ ಬರುವ ಶಬ್ದಗಳನ್ನು ತಪ್ಪಿಸಿಕೊಂಡು, ನನ್ನ ತನಿಖೆಯ ವರದಿ ಕೊಟ್ಟೆ.

ಶಾಲಿನಿ ಹಣೆ ಚಚ್ಚಿಕೊಂಡಳು. “ಎಂತ ಮಾರಾಯ್ತಿ ನೀನು! ನನ್ನದರಲ್ಲಿ ಮೊದಲನೇ ಪುಟದಲ್ಲೇ ಉಂಟಲ್ಲ ಅದು.” ಬ್ಯಾಗಿನಿಂದ ತನ್ನ ಭಾಗ ತೆಗೆದು ಓದಿದಳು. ಹಿಂದಿನ ಅಧ್ಯಾಯ ಓದಿ ಕಾಯಿಲೆಗೆ ನೀವೇ ಕಾರಣವೆಂದು ತಿಳಿಯಬೇಡಿ, ಮೊದಲು ವೈದ್ಯರನ್ನು ಕಾಣಿ, ಮಗು ಆಮೇಲೂ ಕಾಯುತ್ತದೆ ಎಂದು ಬರೆದಿತ್ತು.

“ಇದನ್ನ ಮೊದಲ ಹೇಳಬಾರದೇನ?” ಎಂದು ಗಿರಿಜಾ ಹರಿಹಾಯ್ದಳು.

“ನಾನು ಹೇಳುದಾ? ಕೊಯ್ದದ್ದು ಯಾರು? ನೀನು!”

“ನಾ ಏನ್ ಡಾಕ್ಟರ್ ಏನ, ಎಲ್ಲಿ ಕೊಯ್ಯಬೇಕು ಅಂತ ಗೊತ್ತಿರಾಕ?”

ಜಗಳದ ನಡುವೆ ಗಿರಿಜಾ ನನ್ನ ಭಾಗ ಎತ್ತಿಕೊಂಡು ತಿರುವುತ್ತಿದ್ದಳು. ಒಂದು ಪುಟದಲ್ಲಿ ನಿಂತಳು. ನಿಮ್ಮ ತಾಯಿಯ ಒಳಗೂ ಒಂದು ಮಗು ಇದೆ, ಅದನ್ನು ಯಾರು ಮಾತಾಡಿಸಿದರು ಎಂದು ಕೇಳುವ ಪುಟ. ನಾನು ಅದನ್ನು ಡ್ರಾಪ್ಸ್ ಹಾಕಿದ ಕಣ್ಣಲ್ಲಿ ಓದಿ ದಾಟಿದ್ದೆ. ಅವಳು ಎದ್ದು ಫೋನ್ ಹಿಡಿದು ಹೊರಗಿನ ಗ್ಯಾಲರಿಗೆ ಹೋದಳು. “ಅವ್ವಾ, ಊಟಾತೇನ?” ಎನ್ನುವುದು ಕೇಳಿಸಿತು. ಆಮೇಲೆ ಬಹಳ ಹೊತ್ತು ಬರೀ “ಹೂಂ, ಹೂಂ.” ಆ ಕಡೆಯವರೇ ಮಾತಾಡುತ್ತಿದ್ದರೋ ಏನೋ.

ಅವರು ಹೋದ ಮೇಲೂ ನನ್ನ ಮುಖ ಹಾಗೇ ಇತ್ತು. ತಪ್ಪು ನನ್ನದಲ್ಲ ಎಂದು ತಿಳಿದ ಮಾತ್ರಕ್ಕೆ ತುಟಿ ಏಳುವುದಿಲ್ಲ. ಆದರೆ ಕನ್ನಡಿ ಮುಂದೆ ಕೂತಾಗ ವಿಚಾರಣೆ ನಿಂತಿತು. ಬರೀ ಕಸರತ್ತು ಉಳಿಯಿತು. ಕೆನ್ನೆ ಉಬ್ಬಿಸು, ಮೂಗು ಸುಕ್ಕಿಸು, ಮುತ್ತು ಕೊಡುವಂತೆ ತುಟಿ ಮಾಡು. ಕಾಲೇಜಿಗೆ ಹೋಗುವ ನನ್ನ ಮಗಳು ಮುಕ್ತಾ ಒಂದು ಸಂಜೆ ಪಕ್ಕಕ್ಕೆ ಬಂದು ಕೂತು ತಾನೂ ಮೂತಿ ತಿರುಚತೊಡಗಿದಳು.

“ಅಮ್ಮಾ, ಕಂಪಿಟಿಷನ್. ಹೂ ಈಸ್ ಅಗ್ಲಿಯರ್.”

“ನಿನಗ ಚಾನ್ಸೇ ಇಲ್ಲ,” ಎಂದೆ.

ಅವಳು ಕಣ್ಣು ಮೇಲೆ ಮಾಡಿ, ಮೂಗಿನ ಹೊಳ್ಳೆ ಅಗಲಿಸಿ, ನಾಲಿಗೆ ಹೊರಗೆ ಹಾಕಿದಳು. ನಾನು ನಕ್ಕೆ, ನನ್ನ ಸೊಟ್ಟ ನಗು. ಅವಳು ಒಮ್ಮೆಲೇ ಗಂಭೀರವಾದಳು.

“ಅಮ್ಮಾ, ಫಿರ್ ಸೇ ಮಾಡು. ಈ ಕಡೆ ಅಲ್ಲಾಡ್ತು. ಐ ಸ್ವೇರ್.”

ಮತ್ತೆ ಮಾಡಿದೆ. ತುಟಿಯ ಎಡತುದಿ, ಅಕ್ಕಿಕಾಳಿನಷ್ಟು, ಎದ್ದು ಬಿತ್ತು.

ಇಬ್ಬರೂ ಉಸಿರು ಬಿಡಲಿಲ್ಲ. ಬಿಟ್ಟರೆ ಓಡಿಹೋಗುತ್ತದೇನೋ ಎಂಬಂತೆ.

ಇದು ಔಷಧಿಯೋ, ಕಸರತ್ತೋ, ಕಾಲವೋ, ಆ ಮಗುವೋ? ಡಾಕ್ಟರನ್ನು ಕೇಳಿದೆ. “ನರ್ವ್,” ಎಂದರು. ಮೂರು ವಾರದ ಗಡುವಿಗೆ ಕೆಲವೇ ದಿನ ಉಳಿದಿತ್ತು. ಮುಖದ ಬಹುಪಾಲು ಈಗ, ಕೆಲವು ತಿಂಗಳ ಮೇಲೆ, ವಾಪಸಾಗಿದೆ. ಊಟ ಮಾಡುವಾಗ ಎಡಗಣ್ಣು ತಾನಾಗಿಯೇ ಕಿರಿದಾಗುತ್ತದೆ. ನಾನು ಯಾರಿಗೋ ಕಣ್ಣು ಹೊಡೆಯುತ್ತಿದ್ದೇನೆಂದು ಆಫೀಸಿನ ಕ್ಯಾಂಟೀನಿನಲ್ಲಿ ತಪ್ಪು ತಿಳಿವಳಿಕೆ ಇದೆ. ಉಳಿದದ್ದು ಬರಬಹುದು, ಬಾರದಿರಬಹುದು. ಅದರ ಚಿಂತೆ ಮಾಡುತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಸ್ವಲ್ಪ ಕಡಿಮೆ ಮಾಡುತ್ತಿದ್ದೇನೆ.

ರೆಪ್ಪೆ ಪೂರ್ತಿ ಮುಚ್ಚಿದ ದಿನ ಟೇಪು ಹಾಕಲಿಲ್ಲ. ಇಷ್ಟು ದಿನ ಬಾಕಿ ಇದ್ದ ಅಭ್ಯಾಸ ಮಾಡಿಯೇ ಬಿಡೋಣವೆಂದು ಎರಡೂ ಕಣ್ಣು ಮುಚ್ಚಿ ಹಾಸಿಗೆಯ ಮೇಲೆ ಕೂತೆ. ಕತ್ತಲಾಯಿತು, ಎರಡೂ ಕಡೆ. ಮಗು ಬರುತ್ತದೋ ಎಂದು ಕಾದೆ. ಬರಲಿಲ್ಲ.

ನಿದ್ದೆ ಬಂತು.