ತಮ್ಮನ ಮುಖಕ್ಕೊಂದು ಬೆಳಕು

ಆ ಬೆಳಿಗ್ಗೆ ನಮ್ಮ ಬೀದಿಗೆ ಬ್ರೆಡ್ ಬರಲಿಲ್ಲ. ಹೊತ್ತೇರಿದ ಮೇಲೆ ಸುದ್ದಿ ಬಂತು: ಸೈಕಲ್ಲಿನಲ್ಲಿ ಬ್ರೆಡ್ ತರುತ್ತಿದ್ದ ಯುವಕ ಇನ್ನಿಲ್ಲ. ಮೇಲಿನ ಬಡಾವಣೆಯ ಕಾವಲುಗಾರರು ಅವನ ಕಪ್ಪು ಮೈಬಣ್ಣ ನೋಡಿ, ಕಳ್ಳನೆಂದು ತೀರ್ಮಾನಿಸಿ ಹೊಡೆದಿದ್ದರು. ಕ್ಯಾರಿಯರ್ ಮೇಲಿನ ಬ್ರೆಡ್ ಇನ್ನೂ ಬೆಚ್ಚಗಿತ್ತಂತೆ.

ಅವನ ಅಕ್ಕ ಆ ಹೊತ್ತಿಗೆ ಕಲಾ ಗ್ಯಾಲರಿಯಲ್ಲಿ ಏಣಿಯ ಮೇಲಿದ್ದರು. ಎರಡು ವರ್ಷ ಕಳೆದ ಮೇಲೆ, ಇಂದು ನಸುಕಿನಲ್ಲೂ ಅದೇ ಏಣಿಯ ಮೇಲಿದ್ದಾರೆ. ಎಲ್ಲರೂ ಅವರನ್ನು ಕರೆಯುವುದು ‘ದೀಪದಕ್ಕ’ ಎಂದು. ಪ್ರದರ್ಶನಕ್ಕೆ ಬರುವ ಚಿತ್ರಗಳ ಮೇಲೆ ಬೆಳಕು ಬೀಳಿಸುವುದು ಅವರ ಕೆಲಸ. ಬಿಸಿ ದೀಪ ಮುಟ್ಟಿ ಮುಟ್ಟಿ ಬೆರಳ ತುದಿಗಳು ಜಡ್ಡುಗಟ್ಟಿವೆ. ಚಿತ್ರ ಬರೆದವರ ಹೆಸರು ಗೋಡೆಯ ಮೇಲಿರುತ್ತದೆ, ಇವರದು ಎಲ್ಲೂ ಇರುವುದಿಲ್ಲ.

“ಬೇಡವೇ ಬೇಡ. ಹೆಸರು ಹಾಕಿದ್ರೆ, ದೀಪ ಕಣ್ಣಿಗೆ ಹೊಡೀತು ಅಂತ ಬಂದವರೆಲ್ಲ ನನ್ನನ್ನೇ ಹುಡುಕ್ಕೊಂಡು ಬರ್ತಾರೆ” ಎಂದು ನಗುತ್ತಾರೆ.

ಅಪ್ಪ ತೀರಿಕೊಂಡ ಮೇಲೆ ನೆಲ ಒರೆಸಲು ಸೇರಿದವರು, ಹಳೆಯ ಎಲೆಕ್ಟ್ರಿಷಿಯನ್ ಒಬ್ಬರ ಏಣಿ ಹಿಡಿಯುತ್ತಾ ಕೆಲಸ ಕಲಿತರು. ಆಗ ಗೋಡೆಯ ತುಂಬ ಬಿಳಿ ಮುಖದ ಸಿರಿವಂತರ ಚಿತ್ರಗಳು. ದೀಪ ಎದುರಿನಿಂದ ಬೀಳಬೇಕು, ಜೋರಾಗಿ ಬೀಳಬೇಕು. ಗುರುಗಳು ಕಲಿಸಿದ್ದು ಇಷ್ಟೇ. ಶಾಲೆ ಬಿಟ್ಟೊಡನೆ ತಮ್ಮ ಬರುತ್ತಿದ್ದ. “‘ಬೇಗ ಇಳಿಯೇ ಅಕ್ಕ, ಹಸಿವು’ ಅಂತ ಏಣಿ ಅಲ್ಲಾಡಿಸ್ತಿದ್ದ, ಕತ್ತೆ. ನಾನು ಮೇಲಿಂದ ಬೈತಿದ್ದೆ. ಬೈಸ್ಕೊಳ್ಳೋದು ಅಂದ್ರೆ ಅವನಿಗೆ ಅದೇನು ಖುಷಿಯೋ.”

ಇಂದು ಬೆಳಿಗ್ಗೆ ಶುರುವಾಗುವ ಪ್ರದರ್ಶನ, ಮೈಬಣ್ಣದ ಕಾರಣಕ್ಕೆ ಜೀವ ಕಳೆದುಕೊಂಡವರ ಚಿತ್ರಗಳದು. ನಡುಗೋಡೆಯಲ್ಲಿ ತಮ್ಮನ ದೊಡ್ಡ ತೈಲಚಿತ್ರವಿದೆ. ನಿನ್ನೆ ಸಂಜೆ, ಎಲ್ಲರಿಗಿಂತ ಮೊದಲು ನೋಡಲೆಂದು ಅವರು ಅಮ್ಮನನ್ನು ಕರೆತಂದಿದ್ದರು. ಮುದುಕಿ ಒಂದೊಂದು ಚಿತ್ರವನ್ನೂ ನೋಡುತ್ತಾ ಕೊನೆಯವರೆಗೆ ನಡೆದು ಕೇಳಿದರು: “ನಮ್ಮವನನ್ನ ಎಲ್ಲಿ ಹಾಕಿದೀಯೇ?”

ಅವನ ಮುಂದೆಯೇ ಹಾದು ಬಂದಿದ್ದರು.

“ಬಿಳಿ ಮುಖಕ್ಕೆ ಕಲಿತ ಬೆಳಕನ್ನೇ ಅವನ ಮುಖಕ್ಕೂ ಹಾಕಿದ್ದೆ. ಬಣ್ಣ ಬರೀ ಮಿರಿಮಿರಿ. ಮುಖವೇ ಇಲ್ಲ. ಸ್ವಂತ ಅಕ್ಕ ನಾನು” ಎನ್ನುವಾಗ ದೀಪದಕ್ಕನ ದನಿ ತಗ್ಗುತ್ತದೆ.

ಮ್ಯಾನೇಜರ್ ಸಮಾಧಾನ ಹೇಳಿದರಂತೆ: “ಇರಲಿ ಬಿಡಿ ದೀಪದಕ್ಕ, ಜನ ಅರ್ಥ ಮಾಡ್ಕೋತಾರೆ.”

“ಜನ ಮಾಡ್ಕೋಬಹುದು ಸಾರ್. ಅಮ್ಮನಿಗೆ ಮಗ ಕಾಣಬೇಕಲ್ಲ.”

ಹಾಗಾಗಿ ಇಂದು ನಸುಕಿಗೇ ಕೆಲಸ. ಅಮ್ಮ ಕೆಳಗೆ ಕುರ್ಚಿಯಲ್ಲಿ ಕುಳಿತಿದ್ದಾರೆ. ಮಗಳು ಎದುರಿನ ದೀಪ ಆರಿಸಿ, ಪಕ್ಕದಿಂದ ಇನ್ನೊಂದನ್ನು ಮೆಲ್ಲಗೆ ತಿರುಗಿಸುತ್ತಾರೆ.

“ಇನ್ನೂ ಆ ಕಡೆ. ಅಷ್ಟಲ್ವೇ! ಹುಟ್ಟಿದಾಗಿಂದ ಅವಸರ ನಿಂಗೆ.”

“ನಿನ್ನ ಹೊಟ್ಟೇಲೇ ಹುಟ್ಟಿದ್ದು ಕಣಮ್ಮ. ಈಗ?”

“ಒಂಚೂರು ಕಮ್ಮಿ ಮಾಡು.”

ಹೊಳಪು ಇಳಿಯುತ್ತದೆ. ಮೊದಲು ಕೆನ್ನೆಯ ಏರು, ಆಮೇಲೆ ಕೆಂಪು ಬೆರೆತ ಕಂದು ಮೈಬಣ್ಣ, ಕೊನೆಗೆ ತುಟಿಯ ಮೂಲೆಯಲ್ಲಿ ತಡೆದಿಟ್ಟ ನಗು. ಅಮ್ಮ ಎದ್ದು ಹತ್ತಿರ ಹೋಗುತ್ತಾರೆ.

“ಗಡ್ಡ ತೆಗೆದೇ ಇಲ್ಲ ನೋಡು” ಎನ್ನುತ್ತಾರೆ. “ಎಷ್ಟು ಹೇಳಿದ್ರೂ ಅಷ್ಟೇ.”

ದೀಪದಕ್ಕ ಕಣ್ಣೊರೆಸಿಕೊಂಡು ಏಣಿಯನ್ನು ಮುಂದಿನ ಚಿತ್ರದತ್ತ ಸರಿಸುತ್ತಾರೆ. “ಬಾಗಿಲು ತೆಗೆಯೋದರೊಳಗೆ ಉಳಿದವರಿಗೂ ದೀಪ ತಿರುಗಿಸಿಬಿಡ್ತೀನಿ. ಅವರ ಅಮ್ಮಂದಿರೂ ಬರ್ತಾರಲ್ಲ.”

ನಮ್ಮೆಲ್ಲರನ್ನೂ ಒಂದೇ ಕೈಯಿಂದ ಮಾಡಿದ ದೇವರೇ, ದಿನವೂ ಊರಿಗಿಂತ ಮೊದಲು ಎದ್ದು ಬ್ರೆಡ್ ಹಂಚಿ ದಣಿದ ಜೀವ ಅದು. ನಿನ್ನ ಮಡಿಲಲ್ಲಿ ಅವನು ಭಯವಿಲ್ಲದೆ ನಿದ್ರಿಸಲಿ.