ಪುಸ್ತಕದ ಮಗು
ಔಷಧಿ ಅಂಗಡಿಯಲ್ಲಿ ಪೆಟ್ಟಿಗೆ ಹೊತ್ತೇ ನಡುವಯಸ್ಸು ಕಂಡ ಸಿಡುಕಪ್ಪನವರು ಈಗ ಔಷಧಿ ಅಳೆದು ಕೊಡುವವರ ಪರೀಕ್ಷೆಗೆ ಓದುತ್ತಿದ್ದಾರೆ. ಪಾಸಾದರೆ ಹೊರೆ ತಪ್ಪಿ ಕೌಂಟರ್ ಸಿಗುತ್ತದೆ. ಲೆಕ್ಕ ತಪ್ಪಿದರೆ ಬೈಗುಳ ಮೊದಲು ಪೆನ್ಸಿಲ್ಲಿಗೆ, ಆಮೇಲೆ ಪುಸ್ತಕ ಬರೆದವನಿಗೆ, ಕೊನೆಗೆ ತಮಗೇ: "ಇದು ತಲೆಯಲ್ಲ, ಟೋಪಿ ನೇತುಹಾಕೋ ಗೂಟ." ಮಿಲಿಗ್ರಾಮನ್ನು ಹೇಗೋ ಪಳಗಿಸಿದರು, ದಶಮಾಂಶದ ಚುಕ್ಕಿ ಮಾತ್ರ ಸೊಳ್ಳೆಯ ಹಾಗೆ, ಕೂತಲ್ಲಿ ಕೂರುವುದಿಲ್ಲ. ಮೊನ್ನೆ ಸಂಜೆ ಹನ್ನೆರಡು ಕೆಜಿ ತೂಕದ ಮಗುವಿನ ಲೆಕ್ಕದಲ್ಲಿ ಅದು ಒಂದು ಅಂಕೆ ಆಚೆ ಹಾರಿ ಕೂತಿತು. ಉತ್ತರ ನೋಡಿದ ಮಗಳು, "ಅಪ್ಪಾ, ಹತ್ತು ಪಟ್ಟು ಕುಡಿಸ್ಬಿಟ್ಯಲ್ಲ, ಮಗು ಹೋಯ್ತು," ಎಂದಳು. "ಪುಸ್ತಕದ ಮಗು ಕಣೇ, ನಾಳೆ ಮತ್ತೆ ಹುಟ್ಟುತ್ತೆ," ಎಂದು ಗದರಿದರು. ಅಷ್ಟರಲ್ಲಿ ಹೆಂಡತಿ ಊಟಕ್ಕೆ ಕರೆದರು. "ಬಂದೆ ಇರೇ," ಎಂದವರು ಏಳಲಿಲ್ಲ. ಪೆನ್ಸಿಲ್ ಹೆರೆದು, ಚುಕ್ಕಿಯನ್ನು ಉಗುರಿನಲ್ಲಿ ಅದುಮಿ ಹಿಡಿದು ಮೊದಲಿಂದ ಮಾಡಿದರು. ಮಗು ಬದುಕಿದ ಮೇಲೆಯೇ ಕೈ ತೊಳೆಯಲು ಎದ್ದರು.