ಎಲ್ಲ ನಮ್ಮ ಮನೆಯವರೇ

ಭದ್ರಾವತಿಯಲ್ಲಿ ಕೆಲಸ ಮಾಡುವ ನಾವು ನಾಲ್ವರು ಪೆಟ್ರೋಲ್ ಖರ್ಚು ಹಂಚಿಕೊಂಡು ನನ್ನ ಕಾರಿನಲ್ಲೇ ಶಿವಮೊಗ್ಗದಿಂದ ಓಡಾಡುತ್ತೇವೆ. ಬಿಳಿ ಬೋರ್ಡಿನ ಕಾರಲ್ಲಿ ಬಾಡಿಗೆ ಹೊಡೀತೀರಾ ಅಂತ ಆರ್‌ಟಿಓದವರು ಹಿಡಿದರೆ 'ಎಲ್ಲ ಮನೆಯವರೇ' ಅನ್ನಬೇಕೆಂಬುದು ನಮ್ಮ ಒಪ್ಪಂದ.

ಮೊನ್ನೆ ಬೆಳಗ್ಗೆ ಹೈವೇಯಲ್ಲಿ ಟ್ರಾಫಿಕ್ ಜಾಮ್ ಆಗಿ ನಿಂತಿದ್ದಾಗ, ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡವನೊಬ್ಬ ಗಾಜು ತಟ್ಟಿದ.

"ನಮಸ್ಕಾರ ಸರ್. ಇವರೆಲ್ಲ ನಿಮಗೆ ಏನಾಗ್ಬೇಕು?"

ಇಷ್ಟು ನಯವಾಗಿ ಕೇಳುವವನನ್ನು ನಂಬುವ ಹಾಗಿಲ್ಲ. "ಇವರು ನಮ್ಮ ಭಾವ. ಹಿಂದೆ ಕೂತಿರೋದು ಅತ್ತಿಗೆ, ಚಿಕ್ಕಪ್ಪ," ಅಂದೆ. ಚಿಕ್ಕಪ್ಪನಾದ ಸಲೀಂ ಸಾಹೇಬರು ಗಂಭೀರವಾಗಿ ತಲೆಯಾಡಿಸಿದರು.

ಅವನ ಮುಖ ಸಪ್ಪಗಾಯಿತು. "ಕಾರು ಹಂಚಿಕೊಂಡು ಹೋಗೋರಿಗೇ ಅಂತ ಬೇರೆ ಲೇನ್ ಮಾಡೋಕೆ ಹೈವೇಯವರ ಜೊತೆ ಪಾಲಿಕೆಯವರೂ ದುಡ್ಡು ಹಾಕ್ತಾರಂತೆ ಸರ್. ಅಂಥವರು ಎಷ್ಟು ಜನ ಇದ್ದಾರೆ ಅಂತ ಸರ್ವೆ ಮಾಡ್ತಿದೀವಿ. ಬೆಳಗ್ಗಿಂದ ಒಬ್ರೂ ಸಿಕ್ಕಿಲ್ಲ. ಈ ರಸ್ತೇಲಿ ಬರೀ ನೆಂಟರೇ ಓಡಾಡ್ತಾರೆ."

ಅವನು ಹಿಂದಿನ ಕಾರಿನತ್ತ ಹೋದ. ನಮ್ಮ ಮುಂದಿನ ಲಾರಿ ಇನ್ನೂ ಅಲ್ಲಾಡಿರಲಿಲ್ಲ.

"ನಿಜ ಹೇಳಿಬಿಡಬಹುದಿತ್ತು," ಅಂದರು ಸಲೀಂ ಸಾಹೇಬರು.

"ಸುಮ್ನಿರಿ ಚಿಕ್ಕಪ್ಪ," ಅಂದೆ. "ಬಾಯಿ ಬಿಡಿಸೋಕೆ ಹೀಗೇ ಹೇಳೋದು ಆರ್‌ಟಿಓದವರು."